ಶೂಟಿಂಗ್ ಅಭ್ಯಾಸಕ್ಕೆ ಯಾವ ಪಿಸ್ತೂಲು ಸೂಕ್ತ? ಖರೀದಿಗೆ ಮುನ್ನ ಈ ಕಾನೂನು, ಅಳತೆ, ಲೆಕ್ಕ ತಿಳಿದಿರಲಿ

ಕೋಯಂಬೇಡು (ಚೆನ್ನೈ): ಪಿಸ್ತೂಲು ಶೂಟಿಂಗ್ ಕಲಿಯಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಯಾವ ಪಿಸ್ತೂಲು ಒಳ್ಳೆಯದು?" ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಗ್ಲಾಕ್, ಬೆರೆಟ್ಟಾ, ಕೋಲ್ಟ್ ಎಂದು ವಿದೇಶದ ಪೂರ್ಣ ಗಾತ್ರದ ಪಿಸ್ತೂಲುಗಳ ಪಟ್ಟಿಯೇ ಎದುರಾಗುತ್ತದೆ. ಆದರೆ ಆ ಪಟ್ಟಿಯಲ್ಲಿರುವ 9 ಎಂಎಂ ಪಿಸ್ತೂಲನ್ನು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರು ಇಟ್ಟುಕೊಳ್ಳುವಂತಿಲ್ಲ. ಅಕ್ರಮವಾಗಿ ಇಟ್ಟುಕೊಂಡರೆ ಜೈಲು ಶಿಕ್ಷೆಗೆ ಗುರಿಯಾಗಬಹುದು.

ಭಾರತದಲ್ಲಿ ಪಿಸ್ತೂಲಿನ ಆಯ್ಕೆ ಮೂರು ಹಂತ ದಾಟಬೇಕು. ಮೊದಲನೆಯದು ಕಾನೂನು, ಎರಡನೆಯದು ಸ್ಪರ್ಧೆ, ಮೂರನೆಯದು ನಿಮ್ಮ ಕೈ. ಬ್ರ್ಯಾಂಡ್‌ನ ಮಾತು ಬರುವುದು ಕೊನೆಗೆ. ಬೆಂಗಳೂರಿನಿಂದ ಬಸ್ ಹಿಡಿದು ಕೋಯಂಬೇಡಿನಲ್ಲಿ ಇಳಿದು ಚೆನ್ನೈನ ರೇಂಜ್‌ಗಳಿಗೆ ಹೋಗುವ ಶೂಟರ್‌ಗಳಿಗೆ ರಾಜ್ಯದ ಗಡಿ ಎಂಬ ಇನ್ನೊಂದು ಹಂತವೂ ಇದೆ. ಈ ಎಲ್ಲದರ ಮಾಹಿತಿ ಇಲ್ಲಿದೆ.

ಪೂರ್ಣ ಗಾತ್ರದ ಪಿಸ್ತೂಲು ಎಂದರೇನು?

ಸೈನಿಕರು, ಪೊಲೀಸರು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುವ ಅಳತೆಯ ಪಿಸ್ತೂಲಿಗೆ ಪೂರ್ಣ ಗಾತ್ರದ್ದು ಎನ್ನುತ್ತಾರೆ. ಇದರ ನಳಿಗೆ ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದು ಇಂಚು ಇರುತ್ತದೆ. ಕೋಲ್ಟ್ 1911ರ ನಳಿಗೆ 5 ಇಂಚು, ಗ್ಲಾಕ್ 17ರದ್ದು 114 ಮಿಲಿಮೀಟರ್. ಇಚ್ಛಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾಗುವ, ನಮ್ಮ ಸೇನೆ ಮತ್ತು ಪೊಲೀಸರು ಬಳಸುವ 9 ಎಂಎಂ ಪಿಸ್ತೂಲು ಕೂಡ ಇದೇ ವರ್ಗದ್ದು. ಬ್ರೌನಿಂಗ್ ಹೈ-ಪವರ್ ಇದರ ಮೂಲ ಮಾದರಿ.

ಜೇಬಿನಲ್ಲಿ ಅಡಗುವ ಚಿಕ್ಕ ಪಿಸ್ತೂಲಿಗಿಂತ ಇದರಲ್ಲಿ ಗುರಿ ಹಿಡಿಯುವುದು ಸುಲಭ. ಹಿಡಿಕೆಯಲ್ಲಿ ಐದೂ ಬೆರಳಿಗೆ ಜಾಗ ಸಿಗುತ್ತದೆ, ತೂಕ ಹೆಚ್ಚಿರುವುದರಿಂದ ಒದೆತ ಕಡಿಮೆ ಅನಿಸುತ್ತದೆ, ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರವೂ ಹೆಚ್ಚು. ಕ್ರೀಡಾ ಪಿಸ್ತೂಲುಗಳು ಇದೇ ಗುಣಗಳನ್ನು ಇನ್ನಷ್ಟು ಬೆಳೆಸಿಕೊಂಡಿವೆ.

ಮೊದಲ ಹಂತ: ಕಾನೂನು

ಭಾರತದಲ್ಲಿ ಬಂದೂಕು, ಪಿಸ್ತೂಲುಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಅನ್ವಯಿಸುತ್ತವೆ. ಮುಖ್ಯಾಂಶಗಳು ಹೀಗಿವೆ:

* ಸೇನೆ ಬಳಸುವ ಮದ್ದುಗುಂಡು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್‌ಗಳು 'ನಿಷೇಧಿತ ಬೋರ್' ವರ್ಗಕ್ಕೆ ಸೇರುತ್ತವೆ. 9 ಎಂಎಂ ಪಿಸ್ತೂಲು ಸಾಮಾನ್ಯರ ಕೈಗೆ ಸಿಗದಿರುವುದು ಇದೇ ಕಾರಣಕ್ಕೆ.
* 2019ರ ತಿದ್ದುಪಡಿಯ ಪ್ರಕಾರ, ನಿಷೇಧಿತ ಆಯುಧವನ್ನು ಅಕ್ರಮವಾಗಿ ಇಟ್ಟುಕೊಂಡರೆ ಕನಿಷ್ಠ 7 ವರ್ಷದಿಂದ 14 ವರ್ಷದವರೆಗೆ ಜೈಲು ಶಿಕ್ಷೆ.
* ಇದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು.
* ಕ್ರೀಡಾಪಟುಗಳಿಗೆ ಪ್ರತ್ಯೇಕ ರಿಯಾಯಿತಿ ಇದೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಮಿತಿಯನ್ನು ಸಡಿಲಿಸಿತು. ಎರಡಕ್ಕಿಂತ ಹೆಚ್ಚು ವಿಭಾಗದಲ್ಲಿ ಹೆಸರು ಮಾಡಿದ ಶೂಟರ್‌ಗಳು 12 ಆಯುಧಗಳವರೆಗೆ ಇಟ್ಟುಕೊಳ್ಳಬಹುದು.
* ಪರವಾನಗಿ ಪಡೆಯಲು ಕನಿಷ್ಠ ವಯಸ್ಸು 21. ಅದಕ್ಕಿಂತ ಚಿಕ್ಕವರು ನಿಯಮಗಳಿಗೆ ಒಳಪಟ್ಟು ತರಬೇತಿಯ ವೇಳೆ ಮಾತ್ರ ಬಳಸಬಹುದು.

ಇಲ್ಲಿ ಹಲವರು ಎಡವುವುದುಂಟು. ಮಾನ್ಯತೆ ಪಡೆದ ರೈಫಲ್ ಕ್ಲಬ್‌ನ ಸದಸ್ಯರಿಗೆ ಆಯುಧಗಳ ಸಂಖ್ಯಾ ಮಿತಿಯಿಂದ ಕಾಯ್ದೆ ಕೊಡುವ ವಿನಾಯಿತಿ .22 ಬೋರ್ ರೈಫಲ್ ಮತ್ತು ಏರ್ ರೈಫಲ್‌ಗೆ ಸಂಬಂಧಿಸಿದ್ದು. ಅದರಲ್ಲಿ .22 ಪಿಸ್ತೂಲಿನ ಮಾತಿಲ್ಲ. ಕ್ಲಬ್ ಸದಸ್ಯತ್ವದ ಕಾರ್ಡ್ ಇದ್ದರೆ ಪಿಸ್ತೂಲಿಗೆ ಪರವಾನಗಿ ಬೇಡ ಎಂದು ಭಾವಿಸಬೇಡಿ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಅದಕ್ಕೆ ತನ್ನದೇ ಷರತ್ತುಗಳಿವೆ. ಕ್ರೀಡಾ ಪಿಸ್ತೂಲಿನೊಂದಿಗೆ ಪ್ರಯಾಣ ಹೊರಡುವವರು ಅದನ್ನೇ ನಂಬಿ ಹೊರಡುವುದು ಜಾಣತನವಲ್ಲ.

ಹೊಸಬರಿಗೆ ಸುಲಭದ ದಾರಿ ಏರ್ ಪಿಸ್ತೂಲು. ಬೋರ್ 4.5 ಮಿಲಿಮೀಟರ್ (.177 ಇಂಚು) ಮೀರದ, ಶಕ್ತಿ 20 ಜೌಲ್ ದಾಟದ ಏರ್ ಪಿಸ್ತೂಲಿಗೆ ಶಸ್ತ್ರಾಸ್ತ್ರ ಪರವಾನಗಿ ಬೇಕಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವುದೂ 4.5 ಮಿಲಿಮೀಟರ್ ಏರ್ ಪಿಸ್ತೂಲೇ.

ಎರಡನೇ ಹಂತ: ಯಾವ ಸ್ಪರ್ಧೆ?

ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಪ್ರತಿ ಸ್ಪರ್ಧೆಗೂ ಪಿಸ್ತೂಲಿನ ಅಳತೆ ಬೇರೆ.

* 10 ಮೀಟರ್ ಏರ್ ಪಿಸ್ತೂಲು: 4.5 ಮಿಲಿಮೀಟರ್ ಪೆಲೆಟ್. ತೂಕ 1,500 ಗ್ರಾಂ ಮೀರಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಇಡೀ ಪಿಸ್ತೂಲು 420x200x50 ಮಿಲಿಮೀಟರ್ ಪೆಟ್ಟಿಗೆಯಲ್ಲಿ ಹಿಡಿಯಬೇಕು.
* 25 ಮೀಟರ್ ಪಿಸ್ತೂಲು: .22 ಬೋರ್. ತೂಕ 1,400 ಗ್ರಾಂ ಒಳಗೆ, ಟ್ರಿಗರ್ ಕನಿಷ್ಠ 1,000 ಗ್ರಾಂ, ಪೆಟ್ಟಿಗೆ 300x150x50 ಮಿಲಿಮೀಟರ್. ಸೈಟ್‌ಗಳ ನಡುವಿನ ಅಂತರ ಗರಿಷ್ಠ 220 ಮಿಲಿಮೀಟರ್.
* 25 ಮೀಟರ್ ಸೆಂಟರ್ ಫೈರ್: 7.62ರಿಂದ 9.65 ಮಿಲಿಮೀಟರ್ ಬೋರ್. ಇದು ಒಲಿಂಪಿಕ್ಸ್‌ನಲ್ಲಿ ಇಲ್ಲ. ಹೆಚ್ಚಿನವರು ಬಳಸುವುದು .32 ಬೋರ್. ಪೂರ್ಣ ಗಾತ್ರದ ಸರ್ವಿಸ್ ಪಿಸ್ತೂಲು ಹಾರಿಸಿದ ಅನುಭವಕ್ಕೆ ಹತ್ತಿರವಾದ ಸ್ಪರ್ಧೆ ಇದು.

ಸ್ಪರ್ಧೆ ಆರಿಸುವಾಗ ಅದರ ಭವಿಷ್ಯವನ್ನೂ ನೋಡಬೇಕು. ಒಂದು ಕಾಲದಲ್ಲಿ 50 ಮೀಟರ್ ಫ್ರೀ ಪಿಸ್ತೂಲು ಶೂಟಿಂಗ್‌ನ ಅತಿ ಕಠಿಣ ಪರೀಕ್ಷೆ ಎನಿಸಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಇದೇ ವಿಭಾಗದಲ್ಲಿ ಸ್ಪರ್ಧಿಸಿದ್ದರು. ರಿಯೊ ನಂತರ ಆ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. ಅದಕ್ಕೆಂದೇ ತಯಾರಾದ ಉದ್ದ ನಳಿಗೆಯ ದುಬಾರಿ ಪಿಸ್ತೂಲುಗಳಿಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇಲ್ಲದಂತಾಯಿತು.

1 ಮಿಲಿಮೀಟರ್ ತಪ್ಪಿದರೆ ಎಷ್ಟು ಅಂಕ ಹೋಗುತ್ತದೆ?

ಸೈಟ್‌ಗಳ ಅಂತರ ಯಾಕೆ ಮುಖ್ಯ ಎಂಬುದಕ್ಕೆ ಸರಳ ಲೆಕ್ಕ ಸಾಕು. ಮುಂದಿನ ಸೈಟ್ ಹಿಂದಿನ ಸೈಟ್‌ನ ಕಂಡಿಯ ನಡುವಿನಿಂದ 1 ಮಿಲಿಮೀಟರ್ ಪಕ್ಕಕ್ಕೆ ಸರಿಯಿತು ಎಂದುಕೊಳ್ಳಿ. ಸೈಟ್‌ಗಳ ನಡುವೆ 220 ಮಿಲಿಮೀಟರ್ ಇದ್ದರೆ, 25 ಮೀಟರ್ ದೂರದಲ್ಲಿ ಗುಂಡು ಸುಮಾರು 114 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಂತರ 150 ಮಿಲಿಮೀಟರ್ ಮಾತ್ರ ಇದ್ದರೆ ಅದೇ ತಪ್ಪಿಗೆ ಗುಂಡು ಸುಮಾರು 167 ಮಿಲಿಮೀಟರ್ ದೂರ ಸರಿಯುತ್ತದೆ. 25 ಮೀಟರ್‌ನ ಪ್ರಿಸಿಷನ್ ಗುರಿಹಲಗೆಯಲ್ಲಿ ಮೊದಲನೆಯದಕ್ಕೆ 6 ಅಂಕ, ಎರಡನೆಯದಕ್ಕೆ 4 ಅಂಕ. ತಪ್ಪು ಒಂದೇ, ಶಿಕ್ಷೆ ಬೇರೆ.

ಇನ್ನೊಂದು ವಿಷಯವೂ ಗಮನಿಸಬೇಕಾದ್ದು. ಸೈಟ್‌ಗಳೆರಡೂ ಸರಿಯಾಗಿ ಕೂಡಿಕೊಂಡೇ ಇದ್ದು ಇಡೀ ಕೈ 5 ಮಿಲಿಮೀಟರ್ ಪಕ್ಕಕ್ಕೆ ಓಲಾಡಿದರೆ ಗುಂಡೂ 5 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಆದ್ದರಿಂದಲೇ ತರಬೇತುದಾರರು ಕೈ ನಡುಗಿದರೂ ಚಿಂತೆಯಿಲ್ಲ, ಮುಂದಿನ ಸೈಟ್ ಮೇಲಿನ ಕಣ್ಣು ತೆಗೆಯಬೇಡಿ ಎನ್ನುವುದು. ಗುರಿಹಲಗೆ ಮಸುಕಾಗಿ, ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಬೇಕು. ಖರೀದಿಗೆ ಮುನ್ನ ಪಿಸ್ತೂಲು ಎತ್ತಿ ನೋಡುವಾಗ ಇದನ್ನೇ ಪರೀಕ್ಷಿಸಿ.

ಒದೆತದ ಲೆಕ್ಕವೂ ಹೀಗೆಯೇ. .22ರ ಗುಂಡು ಸುಮಾರು 2.6 ಗ್ರಾಂ, 9 ಎಂಎಂ ಗುಂಡು ಸುಮಾರು 8 ಗ್ರಾಂ. ಎರಡೂ ಸೆಕೆಂಡಿಗೆ ಸುಮಾರು 300 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ವೇಗದಲ್ಲಿ ಹೋಗುತ್ತವೆ. ಒಂದೇ ತೂಕದ ಪಿಸ್ತೂಲಾದರೆ 9 ಎಂಎಂನ ಒದೆತ .22ಕ್ಕಿಂತ ಮೂರು ಪಟ್ಟು ಹೆಚ್ಚು. ಹೊಸಬರು ದೊಡ್ಡ ಬೋರ್‌ನಿಂದ ಶುರು ಮಾಡಿದರೆ ಟ್ರಿಗರ್ ಒತ್ತುವ ಮೊದಲೇ ಒದೆತಕ್ಕೆ ಬೆದರಿ ಕೈ ಬಿಗಿ ಮಾಡುವ ಅಭ್ಯಾಸ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಲು ತಿಂಗಳುಗಳೇ ಬೇಕು.

ಮೂರನೇ ಹಂತ: ಕೈಗೆ ಕೂರುತ್ತದೆಯೇ?

ಸ್ಟೇಯರ್, ವಾಲ್ಥರ್, ಫೈನ್‌ವೆರ್ಕ್‌ಬಾವ್, ಮೊರಿನಿ, ಪಾರ್ದಿನಿ: ವಿಶ್ವಮಟ್ಟದ ರೇಂಜ್‌ಗಳಲ್ಲಿ ಕಾಣುವ ಹೆಸರುಗಳಿವು. ಇವುಗಳ ಗುಣಮಟ್ಟದ ವ್ಯತ್ಯಾಸಕ್ಕಿಂತ ಹಿಡಿಕೆ ನಿಮ್ಮ ಅಂಗೈಗೆ ಹೊಂದುತ್ತದೆಯೇ ಎಂಬುದು ಅಂಕಪಟ್ಟಿಯಲ್ಲಿ ಹೆಚ್ಚು ಕಾಣುತ್ತದೆ.

1. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಸೈಟ್‌ಗಳು ತಾವಾಗಿಯೇ ಒಂದೇ ಸಾಲಿನಲ್ಲಿ ಕಂಡರೆ ಹಿಡಿಕೆ ಸರಿಯಿದೆ. ಪ್ರತಿ ಸಲ ಮಣಿಕಟ್ಟು ತಿರುಗಿಸಿ ಸರಿಮಾಡಬೇಕಾದರೆ ಬೇರೆ ಅಳತೆ ನೋಡಿ.
2. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು. ಬೆರಳು ಚಾಚಬೇಕಾದರೆ ಅಥವಾ ಮಡಚಬೇಕಾದರೆ ಗುಂಡು ಪಕ್ಕಕ್ಕೆ ಹೋಗುತ್ತದೆ.
3. ಒಂದೇ ಕೈಯಲ್ಲಿ ಅರ್ಧ ನಿಮಿಷ ಹಿಡಿದು ನಿಲ್ಲಿ. ಕ್ರೀಡಾ ಪಿಸ್ತೂಲು ಸ್ಪರ್ಧೆಯಲ್ಲಿ ಎರಡೂ ಕೈ ಬಳಸುವಂತಿಲ್ಲ. 10 ಮೀಟರ್ ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಗುಂಡು ಹಾರಿಸಬೇಕು.
4. ಬಲಗೈಯವರಾಗಿದ್ದು ಎಡಗಣ್ಣು ಪ್ರಬಲವಾಗಿದ್ದರೆ ಅದನ್ನು ತರಬೇತುದಾರರಿಗೆ ಮೊದಲೇ ತಿಳಿಸಿ. ಹಿಡಿಕೆಯನ್ನು ಎಡಗೈಯವರಿಗೆ, ಬಲಗೈಯವರಿಗೆ ಬೇರೆಬೇರೆಯಾಗಿ ಮಾಡಿರುತ್ತಾರೆ.
5. ಗುಂಡಿಲ್ಲದೆ ಅಭ್ಯಾಸ ಮಾಡುವ 'ಡ್ರೈ ಫೈರ್' ಸೌಲಭ್ಯ ಇದೆಯೇ ನೋಡಿ. ಸ್ಪರ್ಧಾ ಮಟ್ಟದ ಏರ್ ಪಿಸ್ತೂಲುಗಳಲ್ಲಿ ಇದು ಇರುತ್ತದೆ. .22 ಪಿಸ್ತೂಲನ್ನು ತಯಾರಕರ ಸೂಚನೆ ನೋಡದೆ ಖಾಲಿ ಹೊಡೆದರೆ ಫೈರಿಂಗ್ ಪಿನ್ ಹಾಳಾಗಬಹುದು.

ದುಬಾರಿಯಾದದ್ದೇ ನಂಬಿಕಸ್ಥ ಎಂದೇನಿಲ್ಲ

ಟೋಕಿಯೊ ಒಲಿಂಪಿಕ್ಸ್ ಇದಕ್ಕೆ ಉದಾಹರಣೆ. 10 ಮೀಟರ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ರಿಪೇರಿಗೆ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿದ ಅವರು 12ನೇ ಸ್ಥಾನಕ್ಕೆ ಇಳಿದು ಫೈನಲ್ ತಪ್ಪಿಸಿಕೊಂಡರು. ಮೂರು ವರ್ಷದ ನಂತರ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ 10 ಮೀಟರ್ ವಿಭಾಗದಲ್ಲಿ ವೈಯಕ್ತಿಕ ಕಂಚು, ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು. ಆದ್ದರಿಂದ ಬಿಡಿಭಾಗ ಸಿಗುತ್ತದೆಯೇ, ರಿಪೇರಿ ಬಲ್ಲವರು ನಿಮ್ಮ ಊರಿನಲ್ಲಿ ಇದ್ದಾರೆಯೇ ಎಂದು ಕೇಳಿದ ನಂತರವೇ ಹಣ ಕೊಡಿ.

ಕರ್ನಾಟಕದ ಶೂಟರ್‌ಗಳ ಹಾದಿ ನೋಡಿದರೂ ಏರ್ ಪಿಸ್ತೂಲಿನ ಮಹತ್ವ ತಿಳಿಯುತ್ತದೆ. ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದರು.

ಸೆಕೆಂಡ್ ಹ್ಯಾಂಡ್ ಕೊಳ್ಳುವಿರಾ?

ವಿದೇಶಿ ಸ್ಪರ್ಧಾ ಏರ್ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಹಾಗಾಗಿ ಬಳಸಿದ್ದನ್ನು ಕೊಳ್ಳುವವರು ಹೆಚ್ಚು. ಅಂಥವರು ಮೊದಲು ನೋಡಬೇಕಾದ್ದು ಗಾಳಿ ಸಿಲಿಂಡರ್ ಮೇಲಿನ ದಿನಾಂಕ. ಸಿಲಿಂಡರ್‌ನ ಆಯಸ್ಸು ತಯಾರಾದಾಗಿನಿಂದ ಗರಿಷ್ಠ 10 ವರ್ಷ. ಸುಮಾರು 200 ಬಾರ್ ಒತ್ತಡದ ಗಾಳಿ ತುಂಬುವ ಸಿಲಿಂಡರ್ ಅವಧಿ ಮೀರಿದ್ದರೆ ಅದು ಅಪಾಯಕಾರಿ, ಪಂದ್ಯದಲ್ಲೂ ಬಳಸುವಂತಿಲ್ಲ. 'ಅಗ್ಗಕ್ಕೆ ಸಿಕ್ಕಿತು' ಎಂದು ಕೊಂಡ ಪಿಸ್ತೂಲಿಗೆ ಹೊಸ ಸಿಲಿಂಡರ್ ಹಾಕಿಸುವ ಖರ್ಚೂ ಸೇರಿದರೆ ಲಾಭ ಉಳಿಯುವುದಿಲ್ಲ.

.22 ಪಿಸ್ತೂಲಾದರೆ ಬಾಯಿಮಾತಿನ ವ್ಯವಹಾರ ಬೇಡವೇ ಬೇಡ. ಪರವಾನಗಿಯಲ್ಲಿ ನಮೂದಾಗದೆ ಆಯುಧ ಕೈ ಬದಲಾಯಿಸುವುದು ಅಪರಾಧ.

ಕೋಯಂಬೇಡಿನ ಬಸ್ ಹತ್ತುವ ಮುನ್ನ

ಚೆನ್ನೈನಲ್ಲಿ ಶೂಟಿಂಗ್‌ಗೆ ಹಳೆಯ ನೆಲೆಗಳಿವೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದ ಶೂಟಿಂಗ್ ಸ್ಪರ್ಧೆಗಳು ವೇಲಚೇರಿಯ ಗುರುನಾನಕ್ ಕಾಲೇಜಿನ ರೇಂಜ್‌ನಲ್ಲಿ ನಡೆದವು. ಅಲ್ಲಿಗೆ ಬೆಂಗಳೂರು ಕಡೆಯಿಂದ ಪಿಸ್ತೂಲು ತೆಗೆದುಕೊಂಡು ಹೋಗುವವರು ಇವನ್ನು ಮರೆಯಬಾರದು:

* ಪರವಾನಗಿ ಯಾವ ಪ್ರದೇಶಕ್ಕೆ ಮಾನ್ಯ ಎಂದು ಅದರಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ರಾಜ್ಯದ ಗಡಿ ದಾಟುವಂತಿಲ್ಲ. ಪರವಾನಗಿ ಕೊಟ್ಟ ಕಚೇರಿಯಲ್ಲಿ ವಿಸ್ತರಣೆಗೆ ಮೊದಲೇ ಅರ್ಜಿ ಹಾಕಿ.
* ಏರ್ ಪಿಸ್ತೂಲಿಗೆ ಪರವಾನಗಿ ಬೇಡವಾದರೂ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಅದು ಪಿಸ್ತೂಲೇ. ಖರೀದಿ ರಸೀದಿ, ಕ್ಲಬ್ ಗುರುತಿನ ಚೀಟಿ, ಪಂದ್ಯದ ಪ್ರವೇಶ ಪತ್ರ ಜೊತೆಗಿರಲಿ.
* ಕೋಯಂಬೇಡು ಬಸ್ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಇದೆ. ಆದರೆ ಮೆಟ್ರೋದಲ್ಲಿ ಶಸ್ತ್ರಾಸ್ತ್ರ, ಮದ್ದುಗುಂಡು ಒಯ್ಯುವಂತಿಲ್ಲ. ಪಿಸ್ತೂಲು ಇದ್ದರೆ ಟ್ಯಾಕ್ಸಿ ಅಥವಾ ಸ್ವಂತ ವಾಹನವೇ ಸರಿ.
* ಪಿಸ್ತೂಲು ಖಾಲಿ ಇರಬೇಕು, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಮದ್ದುಗುಂಡು ಬೇರೆ ಪೆಟ್ಟಿಗೆಯಲ್ಲಿರಲಿ. ನಿಲ್ದಾಣದಲ್ಲಿ ಯಾರಿಗೂ ತೆರೆದು ತೋರಿಸಬೇಡಿ.
* ಚುನಾವಣೆ ವೇಳೆ ಪರವಾನಗಿ ಇರುವ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದುಂಟು. ಪಂದ್ಯ ಇದ್ದರೆ ವಿನಾಯಿತಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸಿ.

ಕೊನೆಗೆ ಯಾವುದನ್ನು ಆರಿಸಬೇಕು?

ಮೊದಲ ವರ್ಷ ಏನನ್ನೂ ಕೊಳ್ಳದೆ ಕ್ಲಬ್‌ನ ಏರ್ ಪಿಸ್ತೂಲಿನಲ್ಲೇ ಕಲಿಯುವುದು ಉತ್ತಮ. ಎರಡು ಮೂರು ಮಾದರಿಗಳಲ್ಲಿ ತಲಾ ಕೆಲವು ನೂರು ಪೆಲೆಟ್ ಹಾರಿಸಿ, ಪ್ರತಿ ಸರಣಿಯ ಅಂಕ ಬರೆದಿಡಿ. ಯಾವುದರಲ್ಲಿ ಅತಿ ಹೆಚ್ಚು ಹತ್ತು ಬಂದವು ಎಂಬುದಕ್ಕಿಂತ ಯಾವುದರಲ್ಲಿ ಕೆಟ್ಟ ಗುಂಡುಗಳು ಕಡಿಮೆ ಎಂದು ನೋಡಿ. ನಿಮ್ಮ ಪಿಸ್ತೂಲು ಅದೇ. ಏರ್ ಪಿಸ್ತೂಲಿನಲ್ಲಿ ಅಂಕ ಸ್ಥಿರವಾದ ಮೇಲೆ ಕ್ಲಬ್‌ನ .22, ಅದರ ನಂತರ ಆಸಕ್ತಿ ಇದ್ದರೆ .32 ಸೆಂಟರ್ ಫೈರ್ ಕಡೆಗೆ ಹೋಗಬಹುದು. ಸ್ವಂತ ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕುವ ಹೊತ್ತಿಗೆ ನಿಮಗೆ ಬೇಕಾದ ಹಿಡಿಕೆಯ ಅಳತೆ, ಟ್ರಿಗರ್ ಭಾರ, ತೂಕ ಎಲ್ಲವೂ ಆ ಅಂಕದ ಪುಸ್ತಕದಲ್ಲಿ ಇರುತ್ತವೆ.