ಒಬ್ಬನನ್ನು ಅಳಿಸಿ ಅಂದರೆ ಯಾರನ್ನು ಅಳಿಸ್ತೀರಿ?

ನಿಮ್ಮ ಕೈಗೆ ಒಂದು ರಬ್ಬರ್ ಕೊಡ್ತೀನಿ. ಶಾಲೆಯಲ್ಲಿ ಪೆನ್ಸಿಲ್ ಗೆರೆ ಅಳಿಸ್ತಿದ್ವಲ್ಲ, ಅಂಥದ್ದೇ ರಬ್ಬರ್. ಆದರೆ ಇದರಿಂದ ಇತಿಹಾಸದಲ್ಲಿ ಆಗಿಹೋದ ಒಬ್ಬ ಮನುಷ್ಯನನ್ನು, ಒಬ್ಬನನ್ನು ಮಾತ್ರ, ಅಳಿಸಬಹುದು. ಆತ ಹುಟ್ಟಲೇ ಇಲ್ಲ ಅಂತ ಆಗಿಬಿಡುತ್ತೆ. ಮಾಡಿದ್ದೆಲ್ಲ ಹೋಗುತ್ತೆ. ಕೆಟ್ಟದ್ದೂ ಹೋಗುತ್ತೆ, ಒಳ್ಳೆಯದೂ ಹೋಗುತ್ತೆ. ಈಗ ಹೇಳಿ, ಯಾರನ್ನು ಅಳಿಸ್ತೀರಿ?

ಒಂದು ರಾತ್ರಿ ಒಂಬತ್ತರ ಕಾರ್ಯಕ್ರಮದಲ್ಲಿ ಈ ಪ್ರಶ್ನೆಯನ್ನು ವೀಕ್ಷಕರ ಮುಂದಿಟ್ಟಿದ್ದೆ. ಫೋನ್‌ಗಳು ಬಿಡುವಿಲ್ಲದೆ ಬಂದವು. ಹಿಟ್ಲರ್ ಅಂದರು. ಜಲಿಯನ್‌ವಾಲಾಬಾಗ್‌ನ ಡಯರ್ ಅಂದರು. ರಾಬರ್ಟ್ ಕ್ಲೈವ್ ಅಂದರು. ಯಾರಿಗೂ ಯೋಚನೆ ಮಾಡೋಕೆ ಐದು ಸೆಕೆಂಡ್ ಕೂಡ ಬೇಕಾಗಲಿಲ್ಲ. ಕೋಪಕ್ಕೆ ಒಂದು ಹೆಸರು ಸಿಕ್ಕರೆ ಎಷ್ಟು ಹಗುರ ಆಗುತ್ತೆ, ಅಲ್ವಾ?

ನನ್ನ ಬಳಿಯೂ ಒಂದು ಹೆಸರು ಸಿದ್ಧವಾಗಿತ್ತು. ಫ್ರಿಟ್ಜ್ ಹಾಬರ್. ನೀವು ಕೇಳಿಲ್ಲದೇ ಇರಬಹುದು. ಕೆಮಿಕಲ್ ಇಂಜಿನಿಯರಿಂಗ್ ಓದಿದ ನನಗೆ ಹಾಬರ್ ಅಂದರೆ ಪರೀಕ್ಷೆಯಲ್ಲಿ ಖಾಯಂ ಬರುವ ಪ್ರಶ್ನೆ. ಗಾಳಿಯಲ್ಲಿರುವ ನೈಟ್ರೋಜನ್, ಜೊತೆಗೆ ಹೈಡ್ರೋಜನ್, ಸುಮಾರು 450 ಡಿಗ್ರಿ ಶಾಖ, 200 ಪಟ್ಟು ಒತ್ತಡ, ಕಬ್ಬಿಣದ ಕ್ಯಾಟಲಿಸ್ಟ್. ಸಿಗೋದು ಅಮೋನಿಯಾ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಮಾರ್ಕ್ಸ್ ಗ್ಯಾರಂಟಿ. ಆ ಚಿತ್ರದ ಹಿಂದಿದ್ದ ಮನುಷ್ಯನ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಆ ಮನುಷ್ಯ ಏನು ಮಾಡಿದ ನೋಡಿ.

1915ರ ಏಪ್ರಿಲ್ 22. ಮೊದಲನೇ ಮಹಾಯುದ್ಧ. ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಜರ್ಮನ್ ಸೈನಿಕರು ಐದು ಸಾವಿರಕ್ಕೂ ಹೆಚ್ಚು ಸಿಲಿಂಡರ್‌ಗಳ ಬಾಯಿ ತೆರೆದರು. ನೂರೈವತ್ತು ಟನ್‌ಗೂ ಹೆಚ್ಚು ಕ್ಲೋರಿನ್ ಹಳದಿ ಮಿಶ್ರಿತ ಹಸಿರು ಮೋಡವಾಗಿ ನೆಲಕ್ಕೆ ಅಂಟಿಕೊಂಡೇ ಸಾಗಿತು. ಎದುರಿನ ಕಂದಕಗಳಲ್ಲಿದ್ದವರು ಫ್ರೆಂಚ್ ಸೇನೆಯವರು. ಅವರಲ್ಲಿ ಆಲ್ಜೀರಿಯಾದಿಂದ ಬಂದವರೂ ಇದ್ದರು. ಎದೆ ಹಿಡಿದುಕೊಂಡು ಉಸಿರಿಗಾಗಿ ಒದ್ದಾಡಿ ಬಿದ್ದರು. ಆ ಗ್ಯಾಸ್ ದಾಳಿಯ ಯೋಜನೆ ಹಾಬರ್‌ದು. ಲ್ಯಾಬ್‌ನಲ್ಲಿ ಕೂತು ಸಲಹೆ ಕೊಟ್ಟು ಸುಮ್ಮನಾದವನಲ್ಲ ಈತ. ಯುದ್ಧಭೂಮಿಗೇ ಹೋಗಿ ಸಿಲಿಂಡರ್ ಹೂಳಿಸಿ, ಗಾಳಿಯ ದಿಕ್ಕು ನೋಡಿಕೊಂಡು ಕಾದವನು.

ಮನೆಯಲ್ಲಿ ಹೆಂಡತಿ ಕ್ಲಾರಾ ಇಮ್ಮರ್‌ವಾರ್. ಆಕೆಯೂ ರಸಾಯನ ವಿಜ್ಞಾನಿ. 1900ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಈಪ್ರ್ ದಾಳಿಯಾಗಿ ಹತ್ತೇ ದಿನಕ್ಕೆ, ಮೇ 2ರ ಬೆಳಗಿನ ಜಾವ, ಗಂಡನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡರು. ಕಾರಣ ಗ್ಯಾಸೋ, ಹಳಸಿದ ಸಂಸಾರವೋ, ಇತಿಹಾಸಕಾರರು ಈಗಲೂ ವಾದ ಮಾಡ್ತಾರೆ. ವಾದವೇ ಬೇಡದ ಸಂಗತಿ ಏನು ಗೊತ್ತಾ? ಹಾಬರ್ ತಕ್ಷಣವೇ ಪೂರ್ವದ ರಣರಂಗಕ್ಕೆ ಹೊರಟ. ಅಲ್ಲಿ ಮತ್ತೆ ಗ್ಯಾಸ್ ಬಿಡುವ ಕೆಲಸವಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಯುದ್ಧ ಮುಗಿದ ಮೇಲೆ ಹಾಬರ್‌ನ ಸಂಸ್ಥೆಯಲ್ಲಿ ಕೀಟನಾಶಕಕ್ಕೆಂದು ನಡೆದ ಕೆಲಸದ ಮುಂದುವರಿಕೆಯೇ ಜೈಕ್ಲಾನ್ ಬಿ. ನಾಜಿಗಳು ಗ್ಯಾಸ್ ಚೇಂಬರ್‌ಗಳಲ್ಲಿ ಲಕ್ಷಾಂತರ ಯಹೂದಿಗಳನ್ನು ಕೊಂದದ್ದು ಅದರಿಂದ. ಹಾಬರ್ ಹುಟ್ಟಿದ್ದೂ ಯಹೂದಿ ಕುಟುಂಬದಲ್ಲೇ. ಸತ್ತವರಲ್ಲಿ ಆತನ ಸಂಬಂಧಿಕರೂ ಇದ್ದರು.

ಇನ್ನೊಂದು ಲೆಕ್ಕ ಇದೆ. 1914ರಲ್ಲಿ ಬ್ರಿಟಿಷ್ ನೌಕಾಪಡೆ ಜರ್ಮನಿಗೆ ಚಿಲಿ ದೇಶದ ನೈಟ್ರೇಟ್ ತಲುಪದಂತೆ ತಡೆಯಿತು. ನೈಟ್ರೇಟ್ ಇಲ್ಲದೆ ಸ್ಫೋಟಕ ಇಲ್ಲ. ಆಗ ಜರ್ಮನಿಯ ಕೈ ಹಿಡಿದದ್ದು ಗಾಳಿಯಿಂದ ತೆಗೆದ ಅಮೋನಿಯಾ. ಅದಿಲ್ಲದಿದ್ದರೆ ಯುದ್ಧ ಇನ್ನೂ ಬೇಗ ಮುಗೀತಿತ್ತು ಅನ್ನುವ ಇತಿಹಾಸಕಾರರು ಇದ್ದಾರೆ.

ಇನ್ನೇನು ಬೇಕು? ರಬ್ಬರ್ ತಗೊಳ್ಳಿ, ಉಜ್ಜಿಬಿಡಿ.

ಅವತ್ತು ಸ್ಟುಡಿಯೋದಲ್ಲಿ ನಾನು ಹಾಗೇ ಹೇಳುವವನಿದ್ದೆ. ಅಷ್ಟರಲ್ಲಿ ಹಾವೇರಿ ಕಡೆಯಿಂದ ಒಂದು ಫೋನ್ ಬಂತು. ವಯಸ್ಸಾದ ದನಿ. "ಅಳಸೂದು ಇರ್ಲಿ ಬಿಡ್ರಿ ಸರ್. ಸೊಸೈಟಿಗೆ ಗೊಬ್ಬರ ಯಾವಾಗ ಬರ್ತೈತಿ, ಅದನ್ನ ಹೇಳ್ರಿ." ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮುಂದಿನ ಫೋನ್ ತಗೊಂಡೆ.

ಮನೆಗೆ ಹೋಗುವಾಗ ಕಾರಿನಲ್ಲಿ ಆ ಮಾತು ಮತ್ತೆ ನೆನಪಾಯಿತು. ಹಾವೇರಿ. ಗೊಬ್ಬರ. 2008ರ ಜೂನ್ 10. ಮುಂಗಾರು ಶುರುವಾಗಿತ್ತು, ಬಿತ್ತನೆಗೆ ಗೊಬ್ಬರ ಇರಲಿಲ್ಲ. ಹಾವೇರಿಯಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ಇಬ್ಬರು ರೈತರ ಜೀವ ಹೋಯಿತು. ನಾನಾಗ ಹಾಸ್ಟೆಲ್‌ನಲ್ಲಿದ್ದೆ, ಸೆಮಿಸ್ಟರ್ ಪರೀಕ್ಷೆಗೆ ಓದ್ತಿದ್ದೆ. ಮೆಸ್‌ನ ಟಿವಿಯಲ್ಲಿ ಸುದ್ದಿ ನೋಡಿ, ಊಟ ಮುಗಿಸಿ, ರೂಮಿಗೆ ಬಂದು ಅದೇ ಅಮೋನಿಯಾ ಚಿತ್ರ ಬಾಯಿಪಾಠ ಮಾಡಿದೆ. ಯೂರಿಯಾ ತಯಾರಾಗೋದು ಅಮೋನಿಯಾದಿಂದ, ಡಿಎಪಿಗೂ ಅದು ಬೇಕು. ರೈತರು ಬೀದಿಯಲ್ಲಿ ಕೇಳಿದ್ದು, ನಾನು ರೂಮಿನಲ್ಲಿ ಬರೆದದ್ದು ಎರಡೂ ಒಂದೇ ಅಂತ ಅವತ್ತು ನನಗೆ ಹೊಳೆಯಲಿಲ್ಲ.

ಹಾಗಾದರೆ ಆ ರಬ್ಬರ್ ಇನ್ನೇನನ್ನು ಅಳಿಸುತ್ತೆ ನೋಡೋಣ.

ಬೆಳೆಗೆ ನೈಟ್ರೋಜನ್ ಬೇಕು. ಗಾಳಿಯಲ್ಲಿ ಶೇ. 78ರಷ್ಟು ಅದೇ ಇದೆ. ಆದರೆ ಗಾಳಿಯಲ್ಲಿರೋದನ್ನು ಪೈರು ನೇರವಾಗಿ ಹೀರಲಾರದು. ತಲೆತಲಾಂತರದಿಂದ ನಮ್ಮ ಹಿರಿಯರು ಕೊಟ್ಟಿಗೆ ಗೊಬ್ಬರ ಹಾಕಿದರು, ಹಸಿರೆಲೆ ಹಾಕಿದರು, ಜೋಳದ ಜೊತೆ ತೊಗರಿ ಬಿತ್ತಿದರು. ಯುರೋಪ್ ದೇಶಗಳು ದಕ್ಷಿಣ ಅಮೆರಿಕಾದಿಂದ ಹಕ್ಕಿ ಹಿಕ್ಕೆಯನ್ನೂ ನೈಟ್ರೇಟನ್ನೂ ಹಡಗುಗಟ್ಟಲೆ ತರಿಸಿಕೊಂಡವು. ಆ ನೈಟ್ರೇಟ್ ನೆಲಕ್ಕಾಗಿ 1879ರಲ್ಲಿ ಚಿಲಿ, ಪೆರು, ಬೊಲಿವಿಯಾ ಯುದ್ಧವನ್ನೇ ಮಾಡಿದವು. 1898ರಲ್ಲಿ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಎಚ್ಚರಿಕೆ ಕೊಟ್ಟರು: ಗಾಳಿಯಿಂದ ನೈಟ್ರೋಜನ್ ತೆಗೆಯೋದನ್ನು ಕಲಿಯದಿದ್ದರೆ ಗೋಧಿಗೆ ಬರ ಬರುತ್ತೆ ಅಂತ.

1909ರ ಜುಲೈನಲ್ಲಿ ಕಾರ್ಲ್ಸ್‌ರೂಹೆಯ ಲ್ಯಾಬ್‌ನಲ್ಲಿ ಹಾಬರ್ ಅದನ್ನು ಮಾಡಿ ತೋರಿಸಿದ. ಹನಿ ಹನಿಯಾಗಿ ಅಮೋನಿಯಾ ಇಳಿಯಿತು. ಕಾರ್ಲ್ ಬಾಶ್ ಎಂಬ ಇಂಜಿನಿಯರ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದರು. 1913ರಲ್ಲಿ ಒಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ನಡೆಯೋದೂ ಮೂಲದಲ್ಲಿ ಅದೇ ವಿಧಾನ. ಇವತ್ತು ಭೂಮಿಯ ಮೇಲಿರುವ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯ ಅನ್ನ ಈ ವಿಧಾನದ ಗೊಬ್ಬರದಿಂದ ಬರುತ್ತೆ ಅನ್ನೋದು ವಿಜ್ಞಾನಿಗಳ ಅಂದಾಜು. ನೀವು ಊಟ ಮಾಡ್ತಾ ನನ್ನ ಕಾರ್ಯಕ್ರಮ ನೋಡ್ತೀರಲ್ಲ, ಆ ತಟ್ಟೆಯಲ್ಲೂ ಹಾಬರ್ ಇದ್ದಾನೆ.

ಈಗ ಒಬ್ಬ ಬುದ್ಧಿವಂತ ವೀಕ್ಷಕರು ಕೇಳಬಹುದು. "ಅಲ್ಲ ಸ್ವಾಮಿ, ಹಾಬರ್ ಇಲ್ಲದಿದ್ದರೆ ಬೇರೆ ಯಾರೋ ಕಂಡುಹಿಡೀತಿದ್ದರು." ಸರಿಯಾದ ಮಾತು. 1901ರಲ್ಲೇ ಫ್ರಾನ್ಸಿನ ಲೆ ಶಾಟೆಲಿಯೆ ಪ್ರಯತ್ನಿಸಿ, ಸ್ಫೋಟವಾದ ಮೇಲೆ ಕೈಬಿಟ್ಟಿದ್ದರು. ವಾಲ್ಟರ್ ನೆರ್ನ್ಸ್ಟ್ ಅದೇ ದಾರಿಯಲ್ಲಿದ್ದರು. ನಾರ್ವೆಯಲ್ಲಿ ವಿದ್ಯುತ್ ಕಿಡಿಯಿಂದ ಗಾಳಿಯ ನೈಟ್ರೋಜನ್ ಹಿಡಿಯುವ ಕಾರ್ಖಾನೆಯೇ ಇತ್ತು. ಹಸಿವು ದೊಡ್ಡದಿತ್ತು, ಹುಡುಕುವವರು ಹಲವರಿದ್ದರು. ಹತ್ತೋ ಹದಿನೈದೋ ವರ್ಷ ತಡವಾಗಿ ಅಮೋನಿಯಾ ಬರ್ತಿತ್ತು.

ಆದರೆ ಅದೇ ತರ್ಕವನ್ನು ಗ್ಯಾಸ್‌ಗೂ ಹಾಕಿ. ಈಪ್ರ್ ಆಗಿ ಐದೇ ತಿಂಗಳಿಗೆ, 1915ರ ಸೆಪ್ಟೆಂಬರ್‌ನಲ್ಲಿ, ಲೂಸ್ ಎಂಬಲ್ಲಿ ಬ್ರಿಟಿಷರೂ ಕ್ಲೋರಿನ್ ಬಿಟ್ಟರು. ಫ್ರಾನ್ಸ್ ಫಾಸ್ಜೀನ್ ಬಳಸಿತು. ಕಾರ್ಖಾನೆಗಳು ಸಿದ್ಧವಿದ್ದವು, ಸೇನಾಧಿಕಾರಿಗಳು ಸಿದ್ಧರಿದ್ದರು, ಮಂತ್ರಿಗಳ ಸಹಿಯೂ ಸಿದ್ಧವಿತ್ತು. ಒಬ್ಬನನ್ನು ಅಳಿಸಿದರೆ ಆ ಖಾಲಿ ಕುರ್ಚಿಗೆ ಇನ್ನೊಬ್ಬ ಬಂದು ಕೂರುತ್ತಿದ್ದ.

ಹಾಗಂತ ಹಾಬರ್‌ನ ತಪ್ಪು ಕಡಿಮೆಯಾಯಿತಾ? ಇಲ್ಲ. ನಾನು ಹೇಳಬೇಕಾದದ್ದು ಇಲ್ಲೇ ಇದೆ. ಹೇಗ್ ಒಪ್ಪಂದಕ್ಕೆ ಇದು ವಿರುದ್ಧ ಅಲ್ವಾ ಅಂತ ಆಟೊ ಹಾನ್ ಎಂಬ ವಿಜ್ಞಾನಿ ಹಾಬರ್‌ನನ್ನು ನೇರವಾಗಿ ಕೇಳಿದರು. ಯುದ್ಧ ಬೇಗ ಮುಗಿದರೆ ಎಷ್ಟೋ ಜೀವ ಉಳಿಯುತ್ತೆ ಅಂತ ಹಾಬರ್ ಸಮಜಾಯಿಷಿ ಕೊಟ್ಟ. ಹಾನ್ ಒಪ್ಪಿಕೊಂಡು ಗ್ಯಾಸ್ ಪಡೆ ಸೇರಿದರು. ಮ್ಯಾಕ್ಸ್ ಬಾರ್ನ್ ಎಂಬ ಇನ್ನೊಬ್ಬರಿಗೂ ಕರೆ ಹೋಯಿತು. ಅವರು ಆಗಲ್ಲ ಅಂದರು. ಅದೇ ದೇಶ, ಅದೇ ಯುದ್ಧ, ಅದೇ ಒತ್ತಡ. ಒಬ್ಬರು ಹೂಂ ಅಂದರು, ಒಬ್ಬರು ಇಲ್ಲ ಅಂದರು. ಈ ಬಾರ್ನ್ ನಮಗೆ ತೀರಾ ದೂರದವರೇನಲ್ಲ. ನಾಜಿಗಳ ಕಾಲದಲ್ಲಿ ಕೆಲಸ ಕಳೆದುಕೊಂಡ ಮೇಲೆ, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿಗೆ ಬಂದು, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲವು ತಿಂಗಳು ಇದ್ದು ಹೋದವರು.

ಹಾಬರ್ ಕೂಡ ಒಮ್ಮೆ ಇಲ್ಲ ಅಂದಿದ್ದಾನೆ. 1933ರಲ್ಲಿ ಯಹೂದಿ ಸಿಬ್ಬಂದಿಯನ್ನು ತೆಗೆದುಹಾಕಿ ಅಂತ ನಾಜಿ ಸರ್ಕಾರದ ಆದೇಶ ಬಂತು. ಯುದ್ಧದಲ್ಲಿ ಸೇವೆ ಮಾಡಿದ್ದಕ್ಕೆ ಆತನ ಕುರ್ಚಿಗೆ ವಿನಾಯಿತಿ ಇತ್ತು. ಆದರೂ ರಾಜೀನಾಮೆ ಕೊಟ್ಟು ಹೊರನಡೆದ. ಮರುವರ್ಷ ಜನವರಿಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಸತ್ತ. 1915ರಲ್ಲಿ ಹೂಂ ಅಂದವನೂ ಅವನೇ, 1933ರಲ್ಲಿ ಇಲ್ಲ ಅಂದವನೂ ಅವನೇ.

ಮನುಷ್ಯನನ್ನು ಅಳಿಸಿದರೆ ಈ ಎರಡೂ ಹೋಗುತ್ತೆ. ಮುಂದೆ ಅಂಥದ್ದೇ ಕುರ್ಚಿಯಲ್ಲಿ ಕೂರುವವನಿಗೆ ತೋರಿಸೋಕೆ ನಮ್ಮ ಬಳಿ ಏನೂ ಉಳಿಯಲ್ಲ.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಒಪ್ಪಿಕೊಳ್ತೀನಿ. ಪ್ರತಿ ರಾತ್ರಿ ಒಂಬತ್ತಕ್ಕೆ ನಮಗೊಬ್ಬ ಖಳನಾಯಕ ಬೇಕು. ಒಂದು ಫೋಟೋ, ಅದರ ಸುತ್ತ ಕೆಂಪು ವೃತ್ತ. ಸೇತುವೆ ಬಿದ್ದರೆ ಒಬ್ಬ, ಗೊಬ್ಬರ ಸಿಗದಿದ್ದರೆ ಒಬ್ಬ. ಅವನನ್ನು ಬೈದು ಮುಗಿಸಿದರೆ ನಿಮಗೂ ಸಮಾಧಾನ, ನನಗೂ ನಿದ್ದೆ. ಯಾರು ಯಾರು ಹೂಂ ಅಂದರು, ಯಾವ ಫೈಲ್ ಯಾವ ಮೇಜಿನ ಮೇಲೆ ನಿಂತಿತು, ಇಲ್ಲ ಅನ್ನಬೇಕಾದವರು ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳೋಕೆ ಸಮಯವೂ ಹೆಚ್ಚು ಬೇಕು, ಧೈರ್ಯವೂ ಹೆಚ್ಚು ಬೇಕು.

ಮರುದಿನ ಆ ಹಾವೇರಿಯ ಹಿರಿಯರಿಗೆ ನಾನೇ ಫೋನ್ ಮಾಡಿದೆ. ಅವರ ತಾಲೂಕಿಗೆ ಗೊಬ್ಬರದ ಲೋಡ್ ಯಾಕೆ ಬಂದಿಲ್ಲ ಅಂತ ವಿಚಾರಿಸಿ, ಅವತ್ತು ರಾತ್ರಿ ಅದನ್ನೇ ಸುದ್ದಿ ಮಾಡಿದೆವು. ಯಾರ ಫೋಟೋಗೂ ಕೆಂಪು ವೃತ್ತ ಹಾಕಲಿಲ್ಲ. ಟಿಆರ್‌ಪಿ ಹೆಚ್ಚೇನೂ ಬರಲಿಲ್ಲ. ರಬ್ಬರ್ ಮಾತ್ರ ಇನ್ನೂ ನನ್ನ ಬಳಿಯೇ ಇದೆ. ಬೇಕಿದ್ದವರು ಕೇಳಿ, ಕೊಡ್ತೀನಿ. ಆದರೆ ಉಜ್ಜುವ ಮೊದಲು ತಟ್ಟೆಯಲ್ಲಿರುವ ಅನ್ನ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿಕೊಳ್ಳಿ.