ಕಂಚಿನ ಕಾಸಿನ ಹಿಂಬದಿ

ಒಂದು ಊರಿನ ಜನ ತಮ್ಮನ್ನು ತಾವು ಏನೆಂದು ಭಾವಿಸಿದ್ದರೆಂಬುದನ್ನು ಅರಿಯಬೇಕಾದರೆ ನಾವು ಅವರ ಚಿಲ್ಲರೆ ಕಾಸನ್ನು ನೋಡಬೇಕು. ಕ್ರಿ. ಶ. ಮೊದಲ ಮೂರು ಶತಮಾನಗಳಲ್ಲಿ, ರೋಮನ್ ಚಕ್ರಾಧಿಪತ್ಯದ ಪೂರ್ವಪ್ರಾಂತಗಳಲ್ಲಿದ್ದ ನೂರಾರು ಗ್ರೀಕ್ ನಗರಗಳು ತಮ್ಮ ಪೇಟೆಯ ವ್ಯವಹಾರಕ್ಕೆಂದು ಕಂಚಿನ ನಾಣ್ಯಗಳನ್ನು ತಾವೇ ಅಚ್ಚುಹಾಕುತ್ತಿದ್ದುವು. ಮುಂಬದಿಯಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ಮುಖ. ಹಿಂಬದಿಯಲ್ಲಿ ಊರಿನ ಹೆಸರು, ಅದರೊಡನೆ ಊರು ಆರಿಸಿಕೊಂಡ ಚಿತ್ರ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳು ಸಮುದ್ರ ದಾಟಿ ಬಂದವು. ಈ ಕಂಚಿನ ಕಾಸುಗಳಾದರೋ ಬಹುಮಟ್ಟಿಗೆ ಹುಟ್ಟಿದ ಸೀಮೆಯಲ್ಲಿಯೇ ಸವೆದುವು. ಆದುದರಿಂದ ಅವು ಆಡಿದ ಮಾತು ದೂರದವರಿಗಲ್ಲ, ತಮ್ಮವರಿಗೆ ಮತ್ತು ನೆರೆಯವರಿಗೆ.

ಆ ಮಾತಾದರೂ ಏನು? ಟ್ರಾಯ್ ನಿಂತಿದ್ದ ನೆಲದ ಇಲಿಯಮ್ ನಗರವನ್ನು ಮೊದಲು ನೋಡೋಣ. ಅದರ ನಾಣ್ಯವೊಂದರಲ್ಲಿ ಈನಿಯಸನು ಮುದಿತಂದೆಯನ್ನು ಹೊತ್ತು, ಮಗನ ಕೈಹಿಡಿದು ನಡೆಯುತ್ತಾನೆ. ರೋಮನರು ಈತನನ್ನೇ ತಮ್ಮ ಮೂಲಪುರುಷನೆಂದು ಎಣಿಸಿದ್ದುದರಿಂದ ಈ ಚಿತ್ರ ಪ್ರಭುಗಳಿಗೂ ಪ್ರಿಯವಾದುದೇ. ಆದರೆ ಅದೇ ಊರು ಹೆಕ್ಟರನನ್ನೂ ಹೆಸರುಸಹಿತ ಮುದ್ರಿಸಿತು. ಹೆಕ್ಟರನು ಗೆದ್ದವನಲ್ಲ, ಊರಿಗಾಗಿ ಹೋರಾಡಿ ಮಡಿದವನು.

ಡಾರ್ಡನೆಲ್ಸ್ ಜಲಸಂಧಿಯ ದಡದ ಅಬೈಡಸ್ ನಗರವು ಪ್ರೇಮಕಥೆಯನ್ನು ಆರಿಸಿತು. ಗೋಪುರದ ಮೇಲೆ ಹೀರೋ ದೀಪ ಹಿಡಿದು ನಿಂತಿದ್ದಾಳೆ; ಲಿಯಾಂಡರನು ಅವಳತ್ತ ಈಜುತ್ತಿದ್ದಾನೆ. ಬಿರುಗಾಳಿಯ ರಾತ್ರಿಯೊಂದರಲ್ಲಿ ದೀಪವಾರಿ ಅವನು ಮುಳುಗಿದನೆಂದೂ ಅವಳೂ ಪ್ರಾಣಬಿಟ್ಟಳೆಂದೂ ಕಥೆ. ಅವಳ ತವರಾದ ಎದುರುದಡದ ಸೆಸ್ಟಸ್ ಕೂಡ ಇದೇ ಚಿತ್ರವನ್ನು ಅಚ್ಚುಹಾಕಿತು. ನೀರು ಅಗಲಿಸಿದ ಎರಡು ಊರುಗಳಿಗೆ ಒಂದೇ ದುಃಖ ಸಮಾನ ಸ್ವತ್ತಾಯಿತು.

ಫ್ರಿಜಿಯಾ ಸೀಮೆಯ ಅಪಾಮಿಯಾ ನಗರದ ನಾಣ್ಯದಲ್ಲಿ ಅಥೀನಾ ದೇವಿ ಜೋಡಿ ಕೊಳಲನ್ನೂದುತ್ತಿದ್ದಾಳೆ. ಬಂಡೆಯ ಮರೆಯಿಂದ ಮಾರ್ಸಿಯಸನು ಇಣಿಕುತ್ತಿದ್ದಾನೆ. ಅವಳು ಬಿಸುಟ ಕೊಳಲನ್ನೆತ್ತಿಕೊಂಡು, ಅಪೊಲೋ ದೇವನೊಡನೆ ಸ್ಪರ್ಧೆಗೆ ನಿಂತು ಪ್ರಾಣ ತೆತ್ತ ಅವನ ಹೆಸರೇ ಆ ಊರಿನ ಹೊಳೆಗೂ.

ಈ ಮೂರರಲ್ಲಿಯೂ ನಾವು ಕಾಣುವುದು ಒಂದೇ ಸಂಗತಿ. ಪುರಾಣವು ಗ್ರೀಕರಿಗೆಲ್ಲ ಸೇರಿದ್ದು. ಆದರೆ ಪ್ರತಿಯೊಂದು ಊರೂ ತನ್ನ ನೆಲಕ್ಕೆ, ತನ್ನ ನೀರಿಗೆ ಅಂಟಿದ ಕಥೆಯನ್ನೇ ಆಯ್ದುಕೊಂಡಿತು. ಕಂದಾಯವು ರೋಮಿಗೆ ಸಂದಿತು, ದಂಡೂ ರೋಮಿನದೇ. ನೆನಪು ಮಾತ್ರ ಊರಿನದಾಗಿ ಉಳಿಯಿತು.

ಮೂರನೆಯ ಶತಮಾನದಲ್ಲಿ ಸಾಮ್ರಾಜ್ಯದ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿಯು ಹೆಸರಿಗಷ್ಟೇ ಉಳಿದು, ಬೆಲೆಗಳೇರಿ, ಕಂಚಿನ ಕಾಸನ್ನು ಅಚ್ಚುಹಾಕುವುದು ಊರುಗಳಿಗೆ ಗಿಟ್ಟದಾಯಿತು. ಆ ಶತಮಾನವು ಮುಗಿಯುವಷ್ಟರಲ್ಲಿ ನಗರಗಳ ಟಂಕಸಾಲೆಗಳು ಮುಚ್ಚಿದುವು. ಅಲ್ಲಿಂದ ಮುಂದೆ ನಾಣ್ಯದ ಎರಡು ಬದಿಗಳೂ ಚಕ್ರವರ್ತಿಯವೇ ಆದುವು.