ಮೂಳೆಯ ಮೇಲಿನ ಹೆಸರು

ನೇಕಾರರ ಕೇರಿಯ ಬಳಿ ಬೆಳೆದವರಿಗೆ ಲಾಳಿಯೂ ಕಂಡಿಕೆಯೂ ಹೊಸ ವಸ್ತುಗಳಲ್ಲ. ನೂಲನ್ನು ಸುತ್ತಿಟ್ಟುಕೊಳ್ಳುವ ಸಾಧನ, ಅಷ್ಟೆ. ಸೀರೆ ಮಗ್ಗದಿಂದ ಇಳಿದ ಮೇಲೆ ಅದನ್ನು ಯಾರೂ ನೆನೆಯುವುದಿಲ್ಲ. ಇಂದು ನಾನು ಮಾತನಾಡಹೊರಟಿರುವುದು ಅಂಥದೇ ಒಂದು ಅಲ್ಪ ವಸ್ತುವನ್ನು ಕುರಿತು. ಇಂಗ್ಲೆಂಡಿನ ಬೆಡ್‌ಫರ್ಡ್, ಬಕಿಂಗ್‌ಹ್ಯಾಮ್, ನಾರ್ತಾಂಪ್ಟನ್ ಪ್ರಾಂತಗಳ ಬಡ ಹೆಂಗಸರು ಲೇಸ್ ಹೆಣೆಯಲು ಬಳಸುತ್ತಿದ್ದ ಕಡ್ಡಿ ಅದು. ಅದರ ಹೆಸರು ಬಾಬಿನ್. ಹೊಲಿಗೆ ಯಂತ್ರದೊಳಗಿನ ಪುಟ್ಟ ಚಕ್ರಕ್ಕೂ ನಾವು ಬಾಬಿನ್ ಎನ್ನುತ್ತೇವೆ. ಎರಡಕ್ಕೂ ಹೆಸರು ಒಂದೇ, ರೂಪ ಬೇರೆ.

ಕೆಲವು ವರ್ಷಗಳ ಹಿಂದೆ ನಾನು ಬೆಡ್‌ಫರ್ಡ್ ಪಟ್ಟಣದಲ್ಲಿ ಕೆಲಕಾಲ ಬಾಡಿಗೆಗೆ ಇದ್ದೆ. ಊರಿಗೆ ಹೊರಡುವ ಹಿಂದಿನ ಸಂಜೆ ಮನೆಯೊಡತಿಯಾದ ವೃದ್ಧೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿತ್ತರು. ಅದರೊಳಗೆ ಏಳು ಬಾಬಿನ್‌ಗಳಿದ್ದವು. ಅವರ ಮುತ್ತಜ್ಜಿಯ ಕಾಲದವು. "ನನಗೆ ಮಕ್ಕಳಿಲ್ಲ, ನೀವಾದರೂ ಇಟ್ಟುಕೊಳ್ಳಿ" ಎಂದರು. ಆ ಮಾತಿನ ಭಾರ ಅಂದು ನನಗೆ ತಿಳಿಯಲಿಲ್ಲ. ತಿಳಿದದ್ದು ನಾನು ಒಂದು ತಪ್ಪು ಮಾಡಿದ ಮೇಲೆ. ಅದನ್ನು ಹೇಳುವ ಮುನ್ನ ಈ ಕಡ್ಡಿಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ಬಾಬಿನ್ ಲೇಸ್ ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲೂ ಫ್ಲಾಂಡರ್ಸಿನಲ್ಲೂ ಕಣ್ಣುಬಿಟ್ಟ ಕಲೆ. ಅದರ ಮಾದರಿಗಳ ಒಂದು ಪುಸ್ತಕ 1557ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. 1561ರ ಸುಮಾರಿಗೆ ಜ್ಯೂರಿಕ್ಕಿನಲ್ಲಿ ಹೊರಬಂದ ಇನ್ನೊಂದು ಪುಸ್ತಕವನ್ನು ಬರೆದಾಕೆ ಲೇಸ್ ಕಲಿಸುತ್ತಿದ್ದ ಒಬ್ಬ ಹೆಂಗಸು. 1536ರಲ್ಲಿ ವರ್ತಕರು ಈ ವಿದ್ಯೆಯನ್ನು ಇಟಲಿಯಿಂದ ತಮ್ಮ ನಾಡಿಗೆ ತಂದರೆಂದು ಆಕೆ ಬರೆದಿದ್ದಾಳೆ. ಆದರೆ ತನ್ನ ಹೆಸರನ್ನು ಮಾತ್ರ ಪೂರ್ತಿ ಬರೆದಿಲ್ಲ, 'ಆರ್. ಎಂ.' ಎಂಬ ಎರಡೇ ಅಕ್ಷರ. ಒಂದು ಶತಮಾನದ ಬಳಿಕ, 1670ರ ಸುಮಾರಿಗೆ, ಹಾಲೆಂಡಿನ ವರ್ಮೀರ್ ಲೇಸ್ ಹೆಣೆಯುವ ಹುಡುಗಿಯೊಬ್ಬಳನ್ನು ಗೇಣುದ್ದದ ಚಿತ್ರಪಟದಲ್ಲಿ ಬರೆದ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಆ ಚಿತ್ರವನ್ನು ನೋಡಬಹುದು. ಬಾಗಿದ ತಲೆ, ಬೆರಳುಗಳ ನಡುವೆ ಎರಡು ಬಾಬಿನ್. ಚಿತ್ರಕಾರನ ಹೆಸರು ಲೋಕಕ್ಕೆಲ್ಲ ಗೊತ್ತು; ಚಿತ್ರಕ್ಕಿರುವ ಹೆಸರು 'ಲೇಸ್ ಹೆಣೆಯುವವಳು' ಎಂದಷ್ಟೆ.

ಈ ಕಲೆ ನಮ್ಮ ದಕ್ಷಿಣಕ್ಕೂ ಬಂದದ್ದುಂಟು. 1819ರಲ್ಲಿ ನಾಗರಕೋಯಿಲಿಗೆ ಬಂದ ಮಿಷನರಿ ಚಾರ್ಲ್ಸ್ ಮಾಲ್ಟರ ಪತ್ನಿ ಮಾರ್ಥಾ ಮಾಲ್ಟ್ ಅಲ್ಲಿಯ ಹೆಣ್ಣುಮಕ್ಕಳಿಗೆ ಲೇಸ್ ಕಲಿಸಿದರು. ಅವರ ಮಗಳು ಎಲೈಜಾ ಅದನ್ನು ಇಡೈಯಂಗುಡಿಗೆ ಒಯ್ದರು. ಈ ಎಲೈಜಾ ಬೇರೆ ಯಾರೂ ಅಲ್ಲ, 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ಲರ ಪತ್ನಿ. ಕನ್ನಡದ ಭಾಷಾಭ್ಯಾಸಿಗಳೆಲ್ಲ ಬಲ್ಲ ಮನೆತನದಲ್ಲಿಯೇ ಈ ಕಡ್ಡಿಗಳ ಸದ್ದೂ ಇತ್ತು.

ಕೆಲಸದ ಕ್ರಮ ಹೀಗೆ. ಹುಲ್ಲು ತುಂಬಿ ಗಟ್ಟಿಯಾಗಿ ಬಿಗಿದ ದಿಂಬು, ಅದರ ಮೇಲೆ ಚಿತ್ತಾರದ ತೂತುಗಳನ್ನು ಚುಚ್ಚಿದ ಚರ್ಮಕಾಗದ, ತೂತುಗಳಲ್ಲಿ ಗುಂಡುಸೂಜಿಗಳು. ಸೂಜಿಗಳಿಂದ ಇಳಿಬಿದ್ದ ಪ್ರತಿಯೊಂದು ಎಳೆಯ ತುದಿಗೂ ಒಂದು ಬಾಬಿನ್. ಬಾಬಿನ್‌ಗಳನ್ನು ಜೋಡಿ ಜೋಡಿಯಾಗಿ ಹಿಡಿದು ಒಂದರ ಮೇಲೊಂದು ದಾಟಿಸುವುದು, ಹೊಸೆಯುವುದು. ಚಲನೆಗಳು ಮೂಲತಃ ಈ ಎರಡೇ. ರಾಣಿಯರ ಕೊರಳನ್ನು ಅಲಂಕರಿಸಿದ ಬಾಬಿನ್ ಲೇಸೆಲ್ಲ ಈ ಎರಡು ಚಲನೆಗಳಿಂದ ಹುಟ್ಟಿತು. ಕಿರಿದಾದ ಅಂಚಿಗೆ ಒಂದೆರಡು ಡಜನ್ ಬಾಬಿನ್ ಸಾಕು. ಅಗಲವಾದ ಕೆಲಸಕ್ಕೆ ನೂರಾರು ಬೇಕು. ಬೆಡ್‌ಫರ್ಡ್ ಸೀಮೆಯ ಬಾಬಿನ್ ಸುಮಾರು ನಾಲ್ಕು ಅಂಗುಲ ಉದ್ದ, ಪೆನ್ಸಿಲಿಗಿಂತ ಸಪುರ. ಕೆಳತುದಿಯಲ್ಲಿ ತಂತಿಗೆ ಪೋಣಿಸಿದ ಗಾಜಿನ ಮಣಿಗಳ ಒಂದು ಬಳೆ. ಅದಕ್ಕೆ ಸ್ಪ್ಯಾಂಗಲ್ ಎಂದು ಹೆಸರು. ಆ ಬಳೆಯ ಭಾರಕ್ಕೆ ಎಳೆ ಬಿಗಿಯಾಗಿ ನಿಲ್ಲುತ್ತದೆ. ಕಡ್ಡಿಯೂ ದಿಂಬಿನ ಮೇಲೆ ಉರುಳುವುದಿಲ್ಲ.

ಹೆಣೆದವರ ಬಾಳು ಲೇಸಿನಷ್ಟು ನಯವಾಗಿರಲಿಲ್ಲ. ಓಲ್ನಿ ಎಂಬ ಊರಿನಲ್ಲಿ 1768ರಿಂದ 1786ರವರೆಗೆ ಇದ್ದ ಕವಿ ವಿಲಿಯಂ ಕೂಪರ್ ತನ್ನ ನೆರೆಯ ಲೇಸುಗಾರರ ಕಡುಬಡತನವನ್ನು ಕಣ್ಣಾರೆ ಕಂಡು 1780ರ ಒಂದು ಪತ್ರದಲ್ಲಿ ಮರುಗಿದ್ದಾನೆ. ಐದು ವರ್ಷ ತುಂಬುತ್ತಲೇ ಮಕ್ಕಳನ್ನು ಲೇಸ್ ಶಾಲೆಗೆ ಕೂಡುತ್ತಿದ್ದರು. ಹೆಸರಿಗೆ ಅದು ಶಾಲೆ. ಅಲ್ಲಿ ಅಕ್ಷರಕ್ಕಿಂತ ಕೂಲಿಯೇ ಹೆಚ್ಚು. ರಾತ್ರಿಯ ವೇಳೆ ಒಂದೇ ಮೇಣದ ಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳಿಂದ ಹಾಯ್ದು ಬಂದ ಬೆಳಕಿನ ಚುಕ್ಕೆಯಲ್ಲಿ ಹಲವರು ಕುಳಿತು ಹೆಣೆಯುತ್ತಿದ್ದರು. ಎಂಟು ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಹಚ್ಚಬಾರದೆಂಬ ಕಾನೂನು ಬರಲು 1867 ಆಗಬೇಕಾಯಿತು. ಅಷ್ಟರಲ್ಲಿ ಜಾನ್ ಹೀತ್‌ಕೋಟ್ 1809ರಲ್ಲಿ ಪೇಟೆಂಟ್ ಪಡೆದ ಯಂತ್ರವೂ ಅದರ ಬೆನ್ನಿಗೇ ಬಂದ ಯಂತ್ರಗಳೂ ಕೈಲೇಸಿನ ಬುಡಕ್ಕೆ ಕೊಡಲಿ ಹಾಕಿದ್ದವು. ಇಪ್ಪತ್ತನೆಯ ಶತಮಾನ ಕಾಲಿಡುವ ವೇಳೆಗೆ ಕೆಲವು ಮುದುಕಿಯರ ದಿಂಬುಗಳಷ್ಟೇ ಉಳಿದಿದ್ದವು.

ಲೇಸ್ ಹೆಣೆದವರ ಮನೆಯಲ್ಲಿ ಲೇಸ್ ಉಳಿಯಲಿಲ್ಲ. ಅದು ವರ್ತಕನ ಕೈಸೇರಿ ಲಂಡನ್ನಿಗೆ ಹೋಯಿತು. ಉಳಿದದ್ದು ಬಾಬಿನ್. ಹಾಗಾಗಿ ಆ ಹೆಂಗಸರು ತಮ್ಮ ಮನಸ್ಸನ್ನೆಲ್ಲ ಅದರ ಮೇಲೆ ಬರೆಸಿದರು. ತಾವು ಬರೆಯಲಾರದವರು ಬಾಬಿನ್ ಮಾಡುವವನ ಕೈಯಲ್ಲಿ ಬರೆಸಿದರು. ಆತ ದನದ ಮೂಳೆಯನ್ನು ಸಪುರವಾಗಿ ಕಡೆದು, ಸೂಜಿಮೊನೆಯಷ್ಟು ಸಣ್ಣ ಕುಳಿಗಳನ್ನು ಒಂದರ ಪಕ್ಕ ಒಂದು ಕೊರೆದು ಅಕ್ಷರ ಮೂಡಿಸಿ, ಕುಳಿಗಳಿಗೆ ಕೆಂಪು, ನೀಲಿ, ಕಪ್ಪು ಬಣ್ಣ ತುಂಬುತ್ತಿದ್ದ. ತನ್ನ ಹೆಸರು, ಪ್ರಿಯನ ಹೆಸರು, ತೀರಿಕೊಂಡ ಮಗುವಿನ ಹೆಸರು, ತಾಯಿಗೊಂದು ಪ್ರೀತಿಯ ಮಾತು, ಮದುವೆಗೆ ಅವಸರಿಸುವ ಒಂದು ತುಂಟ ಮಾತು, ಎಲ್ಲವೂ ಅಲ್ಲಿವೆ. ಊರ ಸುದ್ದಿಯೂ ಇದೆ. 1860ರಲ್ಲಿ ಬೆಡ್‌ಫರ್ಡಿನಲ್ಲಿ ನೇಣಿಗೇರಿದ ಜೋಸೆಫ್ ಕಾಸಲ್ ಎಂಬವನ ಹೆಸರೂ ಇಸವಿಯೂ ಇರುವ ಬಾಬಿನ್‌ಗಳಿವೆ. ಹೆಂಡತಿಯನ್ನು ಕೊಂದವನು ಆತ. ಕಡ್ಡಿ ಕಡೆಯುವವರಲ್ಲಿ ಡೀನ್ಸ್‌ಹ್ಯಾಂಗರ್ ಊರಿನ ಕಾಂಪ್ಟನ್ ಮನೆತನವೂ 'ಬಾಬಿನ್ ಬ್ರೌನ್' ಎಂದೇ ಹೆಸರಾದ ಕ್ರ್ಯಾನ್‌ಫೀಲ್ಡಿನ ಕುಶಲಿಯೂ ಪ್ರಸಿದ್ಧರು. ಅಕ್ಷರದ ತಿರುವು, ಕಡೆತದ ರೀತಿ ನೋಡಿ ಇದು ಇಂಥವನ ಕೈಯದು ಎಂದು ಗುರುತಿಸುವ ವಿಧಾನವನ್ನು ಸ್ಪ್ರಿಂಗೆಟ್ ದಂಪತಿಗಳು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ.

ಇನ್ನು ನನ್ನ ತಪ್ಪಿನ ಕಥೆ. ನನಗೆ ದೊರೆತ ಏಳರಲ್ಲಿ ಒಂದು ಮೂಳೆಯದು. ಅದರ ಮೈಯನ್ನು ಬಳ್ಳಿಯಂತೆ ಸುತ್ತಿ 'ಮೇರಿ ಆನ್' ಎಂಬ ಹೆಸರಿತ್ತು. ಒಂದು ಅಕ್ಷರ ಕೆಂಪು, ಮುಂದಿನದು ನೀಲಿ. ಮೇಲೆಲ್ಲ ಕಂದು ಜಿಡ್ಡು. ಬೆಂಗಳೂರಿಗೆ ಬಂದ ಮೇಲೆ ನೆಂಟರಿಗೆ ತೋರಿಸುವ ಉತ್ಸಾಹದಲ್ಲಿ ಅದನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿದೆ. ಬೆಳ್ಳಿಯ ಕುಂಕುಮದ ಬಟ್ಟಲನ್ನು ತೊಳೆಯುವಷ್ಟೇ ಸಹಜವಾಗಿ ಆ ಕೆಲಸ ಮಾಡಿದೆ. ಅರ್ಧ ಗಂಟೆಯ ಮೇಲೆ ನೋಡಿದರೆ ನೀರು ನಸುಗೆಂಪಾಗಿತ್ತು. ಕೆಂಪು ಅಕ್ಷರಗಳು ಬಹುಮಟ್ಟಿಗೆ ಹೋಗಿದ್ದವು. ಒಣಗಿದಾಗ ಕಡ್ಡಿಯೂ ಕೊಂಚ ಬಾಗಿತು. ಒಂದೂವರೆ ಶತಮಾನ ಬಡತನವೂ ಯಂತ್ರವೂ ಎರಡು ಯುದ್ಧಗಳೂ ಅಳಿಸದಿದ್ದ ಹೆಸರನ್ನು ನನ್ನ ಶುಚಿತ್ವ ಅಳಿಸಿತು.

ಅಂದಿನಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿದೆ. ಮೊದಲನೆಯದಾಗಿ, ಜಿಡ್ಡೆಂದು ನಾನು ತಿಳಿದದ್ದು ಕೊಳೆಯಲ್ಲ. ದಿನಕ್ಕೆ ಹತ್ತಾರು ಗಂಟೆ ಕೆಲಸ ಮಾಡಿದ ಬೆರಳುಗಳು ಮೂಳೆಗೆ ಕೊಟ್ಟ ಹೊಳಪು. ಧೂಳಿದ್ದರೆ ಮೆತ್ತನೆಯ ಒಣ ಕುಂಚದಿಂದ ಸವರಬೇಕು, ಅಷ್ಟೆ. ಮೂಳೆ ನೀರನ್ನು ಹೀರಿ ಸೊಟ್ಟಗಾಗುತ್ತದೆ, ಸೀಳುತ್ತದೆ. ಎಣ್ಣೆ ಹಚ್ಚಿದರೆ ಅದನ್ನೂ ಹೀರಿ ಹಳದಿಯಾಗುತ್ತದೆ. ಮರದ ಬಾಬಿನ್‌ಗಳಲ್ಲಿ ಕೆಲವಕ್ಕೆ ಸೀಸ ಮತ್ತು ತವರದ ಮಿಶ್ರಲೋಹವನ್ನು ಎರಕ ಹೊಯ್ದು ಅಲಂಕರಿಸಿರುತ್ತಾರೆ. ಚುಕ್ಕೆಯಿದ್ದರೆ 'ಚಿರತೆ', ಪಟ್ಟೆಯಿದ್ದರೆ 'ಹುಲಿ' ಎಂದು ಅವಕ್ಕೆ ಹೆಸರು. ಈ ಲೋಹ ಕಾಲಕ್ರಮದಲ್ಲಿ ಬೂದಿಬಣ್ಣದ ಪುಡಿಯಾಗಿ ಉದುರುವುದುಂಟು. ಓಕ್ ಮರದ ಪೆಟ್ಟಿಗೆಯಿಂದ ಹೊಮ್ಮುವ ಆಮ್ಲದ ಆವಿ ಅದನ್ನು ಇನ್ನೂ ಬೇಗ ತಿನ್ನುತ್ತದೆ. ಅಂದವೆಂದು ಕೊಂಡು ತಂದ ಪೆಟ್ಟಿಗೆಯೇ ಶತ್ರುವಾಗುವುದು ಹೀಗೆ. ಪುಡಿ ಸೀಸದ್ದಾದ್ದರಿಂದ ಮುಟ್ಟಿದವರು ಕೈ ತೊಳೆಯತಕ್ಕದ್ದು.

ಸ್ಪ್ಯಾಂಗಲಿನ ತಂತಿ ಹಳತಾಗಿ ತುಂಡಾಗುವುದು ಸಾಮಾನ್ಯ. ಆಗ ಮಣಿಗಳನ್ನು ಚಂದ ನೋಡಿ ಮರುಜೋಡಿಸಬಾರದು. ಯಾವ ಮಣಿಯ ಪಕ್ಕದಲ್ಲಿ ಯಾವುದಿತ್ತೋ ಅದೇ ಕ್ರಮದಲ್ಲಿ ಪೋಣಿಸಬೇಕು. ಹಳೆಯ ತಂತಿಯನ್ನೂ ಎಸೆಯಬಾರದು. ಏಕೆಂದರೆ ಮಣಿಗಳ ನಡುವೆ ಅಂಗಿಯ ಗುಂಡಿಯೋ ಕಪ್ಪೆಚಿಪ್ಪೋ ಇರುತ್ತದೆ, ಅದೊಂದು ನೆನಪಿನ ಗುರುತು. ಕಡ್ಡಿಯ ಕೊರಳಲ್ಲಿ ಹಳೆಯ ನೂಲು ಸುತ್ತಿದ್ದರೆ ಅದನ್ನೂ ಬಿಚ್ಚಬಾರದು. ರಬ್ಬರ್ ಬ್ಯಾಂಡಿನಿಂದ ಕಟ್ಟಬಾರದು. ಅದರ ಗಂಧಕ ಲೋಹವನ್ನು ಕಪ್ಪಾಗಿಸುತ್ತದೆ. ನಮ್ಮ ಮಳೆಗಾಲದಲ್ಲಿ ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ. ನಾನು ಈಗ ಚೆನ್ನಾಗಿ ಒಗೆದು ಗಂಜಿ ತೆಗೆದ ಹತ್ತಿಬಟ್ಟೆಯಲ್ಲಿ ಒಂದೊಂದಕ್ಕೂ ಒಂದು ಜೇಬು ಹೊಲಿದು, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮರದವುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆಯೇ ಎಂದು ಆಗಾಗ ನೋಡುತ್ತೇನೆ. ಹುಳು ಬಿದ್ದದ್ದನ್ನು ಬೇರೆ ಇಡದಿದ್ದರೆ ಉಳಿದವೂ ಹೋದಂತೆಯೇ.

ಮೇರಿ ಆನಳ ಕೆಂಪು ಅಕ್ಷರಗಳಿಗೆ ಹೊಸ ಬಣ್ಣ ತುಂಬುವ ಆಸೆ ನನಗಾಗದೆ ಇರಲಿಲ್ಲ. ಸಣ್ಣ ಕುಂಚ, ಒಂದು ತೊಟ್ಟು ಕೆಂಪು, ಹತ್ತು ನಿಮಿಷದ ಕೆಲಸ. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದು ಕಡ್ಡಿ ಕಡೆದವನ ಬಣ್ಣವಾಗುತ್ತಿರಲಿಲ್ಲ, ನನ್ನ ಬಣ್ಣವಾಗುತ್ತಿತ್ತು. ಮುಂದೆ ನೋಡುವವರಿಗೆ ನಾನು ಹೇಳಿದ ಸುಳ್ಳಾಗುತ್ತಿತ್ತು. ಆದ್ದರಿಂದ ಹಾಗೆಯೇ ಬಿಟ್ಟೆ. ಅದರ ಬದಲು ಒಂದು ಚೀಟಿಯಲ್ಲಿ ಯಾವ ದಿನ, ಏನು ಮಾಡಿದೆ, ಯಾವ ಅಕ್ಷರಗಳು ಹೋದವು ಎಂಬುದನ್ನು ಬರೆದು, ಸಹಿ ಹಾಕಿ, ಪೆಟ್ಟಿಗೆಯಲ್ಲಿಟ್ಟೆ. ವಸ್ತುವಿನ ಚರಿತ್ರೆಯಲ್ಲಿ ಕಾಪಾಡಲು ಹೋದವನ ತಪ್ಪೂ ಒಂದು ಪುಟ. ಅದನ್ನು ಹರಿದೊಗೆಯುವ ಅಧಿಕಾರ ಅವನಿಗಿಲ್ಲ.

ನಮ್ಮ ಮನೆಗಳ ಅಟ್ಟದ ಮೇಲೂ ಇಂಥವು ಇವೆಯಲ್ಲವೆ? ಅಜ್ಜಿಯ ಅಡಕತ್ತರಿ, ಹಿತ್ತಾಳೆಯ ಚೆಂಬಿನ ಕಂಠದ ಮೇಲೆ ಕೊರೆಸಿದ ಹೆಸರು. ಹುಣಸೆಹಣ್ಣು ಹಿಡಿದು ಉಜ್ಜಹೊರಡುವ ಮುನ್ನ ಒಂದು ಗಳಿಗೆ ಅದನ್ನು ಓದಬೇಕೆಂದು ನನ್ನ ವಿನಂತಿ.

ಬಣ್ಣ ಹೋದರೂ ಕುಳಿಗಳು ಹೋಗಿಲ್ಲ. ದೀಪ ಆರಿಸಿದ ಮೇಲೂ ಆ ಕಡ್ಡಿಯ ಮೇಲೆ ಬೆರಳಾಡಿಸಿದರೆ ಅಕ್ಷರಗಳು ಒಂದೊಂದಾಗಿ ಸಿಗುತ್ತವೆ. ಮೇರಿ ಆನಳ ಹೆಸರನ್ನು ನಾನು ಈಗ ಓದುವುದು ಹಾಗೆ.

(ಬಾನುಲಿ ಭಾಷಣ)